ಕಾರವಾರದ ದೇವಗಡ ದ್ವೀಪದ ಲೈಟ್‌ಹೌಸ್ (1864): ಇಷ್ಟು ದೊಡ್ಡ ದೀಪ ಇಲ್ಲಿಗೇಕೆ ಬಂತು?

ಕಾಳೀತೀರ
ಕಾರವಾರದ ಕಡಲತೀರದಲ್ಲಿ ಸಂಜೆ ನಿಂತವರೆಲ್ಲ ಈ ದೀಪ ನೋಡಿದ್ದಾರೆ. ಪಶ್ಚಿಮದ ದ್ವೀಪಗಳ ಸಾಲಿನಲ್ಲಿ, ದೇವಗಡದ ನೆತ್ತಿಯ ಮೇಲೆ ಇದೆ. ನಾವಿಕರ ನಕ್ಷೆಯಲ್ಲಿ ಈ ಗುಂಪಿಗೆ ಆಯ್ಸ್ಟರ್ ರಾಕ್ಸ್ ಎಂಬ ಹೆಸರು. ದೀಪ ಹಚ್ಚಿದ್ದು 1864ರಲ್ಲಿ. ಮುಂಬೈ ಬಂದರಿನ ಬಾಯಲ್ಲಿರುವ ಪ್ರಾಂಗ್ಸ್ ಲೈಟ್‌ಹೌಸ್ 1875ರದು, ನಮ್ಮ ಕಾಪುವಿನದು 1901ರದು. ಅಂದರೆ ಇದು ಎರಡಕ್ಕಿಂತಲೂ ಹಳೆಯದು.

ನನ್ನ ಪ್ರಶ್ನೆ ಇದು. ಕಾರವಾರದ ಸುತ್ತ ಇಂಗ್ಲಿಷರ ವ್ಯಾಪಾರ 1638ರಿಂದಲೇ ಇತ್ತು, ಕಡವಾಡದಲ್ಲಿ ಅವರ ಕೋಠಿ (ವ್ಯಾಪಾರದ ಮಳಿಗೆ) ಇತ್ತು, ಹುಬ್ಬಳ್ಳಿ ಕಡೆಯ ನೇಕಾರರ ತೆಳುಬಟ್ಟೆ ಇಲ್ಲಿಂದಲೇ ಹೋಗುತ್ತಿತ್ತು. ಆದರೆ ಆ ವ್ಯಾಪಾರ 18ನೇ ಶತಮಾನದಲ್ಲೇ ಮುಗಿದುಹೋಗಿತ್ತು. 1864ರ ಹೊತ್ತಿಗೆ ಇಲ್ಲಿ ಹೇಳಿಕೊಳ್ಳುವಂಥ ಬಂದರೇ ಇರಲಿಲ್ಲ. ಹಾಗಿದ್ದೂ ಇಪ್ಪತ್ತು ಮೈಲಿ ದೂರಕ್ಕೆ ಕಾಣುವ ದೀಪ ಯಾಕೆ? ಪ್ರವಾಸಿಗರು ಕೇಳಿದರೆ ನಾವು ‘ಬ್ರಿಟಿಷರ ಕಾಲದ್ದು’ ಅಂದು ಸುಮ್ಮನಾಗುತ್ತೇವೆ. ತಿಳಿದವರು ಬರೆಯಿರಿ. ಎಲ್ಲ ಒಂದು ಕಡೆ ಸೇರಲಿ.

ಹುಬ್ಬಳ್ಳಿಯವ
ಇದಕ್ಕ ಉತ್ತರ ಕಾರವಾರದಾಗ ಹುಡುಕಿದ್ರ ಸಿಗೂದಿಲ್ರೀ, ನಮ್ಮ ಕಡೆ ಎರಿ ಹೊಲದಾಗ ಹುಡುಕಬೇಕು. ಆ ದೀಪ ಹತ್ತಿ ಸಲುವಾಗಿ ಬಂದದ್ದು.

1861ರಾಗ ಅಮೆರಿಕಾದಾಗ ಅಂತರ್ಯುದ್ಧ ಸುರು ಆತು. ಉತ್ತರದವರು ದಕ್ಷಿಣದ ಬಂದರಗಳಿಗೆ ದಿಗ್ಬಂಧನ ಹಾಕಿದ್ರು. ಲ್ಯಾಂಕಾಶೈರ್ ಗಿರಣಿಗಳಿಗೆ ಅಲ್ಲಿಂದ ಬರೂ ಹತ್ತಿ ನಿಂತು ಹೋತು, ಗಿರಣಿ ಕೂಲಿ ಮಂದಿ ಮನ್ಯಾಗ ಒಲಿ ಹೊತ್ತಲಿಲ್ಲ. ಮ್ಯಾಂಚೆಸ್ಟರಿನ ವ್ಯಾಪಾರಸ್ಥರು ಇಂಥಾದ್ದೊಂದು ದಿನ ಬರತೈತಿ ಅಂತ ಮೊದಲಿಂದ ಹೆದರಿದ್ರು. ಹಿಂಗಾಗಿ 1860ರಾಗನ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಟ್ಟಿದ್ರು. ಅವರ ಕಣ್ಣು ಧಾರವಾಡ ಸೀಮಿ ಮ್ಯಾಲೆ.

ಆಗ ಇಲ್ಲೆ ಎರಡು ಥರದ ಹತ್ತಿ ಇತ್ತು. ಒಂದು ಜವಾರಿ. ಕುಮಟಾ ಬಂದರದಿಂದ ಹೊರಗ ಹೋಗತಿತ್ತಂತ ದೊಡ್ಡ ಪ್ಯಾಟಿಯೊಳಗ ಅದಕ್ಕ ಕುಮಟಾ ಹತ್ತಿ ಅಂತಿದ್ರು. ಇನ್ನೊಂದು 1840ರ ದಶಕದಾಗ ಅಮೆರಿಕಾದ ಬೀಜ ತಂದು ಬೆಳಸಿದ್ದು, ಧಾರವಾಡ-ಅಮೆರಿಕನ್. ಮಾಲು ಚಲೋ ಇತ್ತು, ತ್ರಾಸು ಸಾಗಣಿಕಿದು. ಚಕ್ಕಡಿ ಮ್ಯಾಲೆ, ಎತ್ತಿನ ಬೆನ್ನ ಮ್ಯಾಲೆ ಹೇರಿ ಘಟ್ಟ ಇಳಿಸಬೇಕು, ಕುಮಟಾದಾಗ ಪತ್ತೆಮಾರಿ ಅನ್ನೂ ಹಾಯಿ ಹಡಗಕ್ಕ ಹತ್ತಿಸಬೇಕು, ಮುಂಬೈದಾಗ ಮತ್ತ ದೊಡ್ಡ ಹಡಗಿಗೆ ಏರಿಸಬೇಕು. ದೊಡ್ಡ ಹಡಗು ಸೀದಾ ಬಂದು ನಿಂದರೂ ಹಂಥಾ ಜಾಗಾ ಬೇಕಾಗಿತ್ತು. ಹುಡುಕಿದಾಗ ಸಿಕ್ಕಿದ್ದು ಕಾಳಿ ನದಿ ಬಾಯಿಯ ಸದಾಶಿವಗಡ, ಅದರ ಬಾಜೂಕ ಕಾರವಾರದ ಕೊಲ್ಲಿ.

ಇನ್ನೊಂದು ತೊಡಕು ಇತ್ತು. ಹತ್ತಿ ಬೆಳೆಯೂ ಧಾರವಾಡ ಮುಂಬೈ ಸರ್ಕಾರದ್ದು, ಬಂದರ ಇರೂ ಕೆನರಾ ಜಿಲ್ಲಾ ಮದ್ರಾಸ್ ಸರ್ಕಾರದ್ದು. ಒಬ್ಬರ ಹತ್ತಿಗೆ ಇನ್ನೊಬ್ಬರು ಯಾಕ ರಸ್ತಾ ಮಾಡ್ಯಾರು? 1862ರಾಗ ಉತ್ತರ ಕೆನರಾ ಕಡದು ಮುಂಬೈಗೆ ಸೇರಿಸಿದ್ರು. ಕಾರವಾರ ಜಿಲ್ಲಾ ಕೇಂದ್ರ ಆತು. ಇವತ್ತ ನಾವು ಉತ್ತರ ಕನ್ನಡ, ದಕ್ಷಿಣ ಕನ್ನಡ ಅಂತ ಬ್ಯಾರೆ ಬ್ಯಾರೆ ಜಿಲ್ಲಾ ಹೆಸರು ಹೇಳತೀವಿ, ಆ ಗೆರಿ ಎಳೆಯೂದರಾಗ ಹತ್ತಿದು ದೊಡ್ಡ ಪಾಲು ಐತಿ.

ಕಂಪನಿಯವರು ಹತ್ತಿ ಅಂಡಗಿ ಒತ್ತೂ ಯಂತ್ರ ಸದಾಶಿವಗಡಕ್ಕ ಕಳಿಸಿದ್ರು. ಯಂತ್ರ ಬಂದಾಗ ಇಳಿಸಾಕ ಧಕ್ಕಿ ಇಲ್ಲ, ಘಟ್ಟದ ರಸ್ತಾ ಮುಗಿದಿಲ್ಲ. ಕಂಪನಿ ಕೈಬಿಟ್ಟು ಹೋತು. ಆದ್ರ ಸರ್ಕಾರದ ಕೆಲಸ ನಿಲ್ಲಲಿಲ್ಲ. ರಸ್ತಾ ಬಂತು, ಊರು ಬಂತು, 1864ರಾಗ ದೀಪ ಬಂತು. ಮರುವರ್ಷ ಏಪ್ರಿಲ್‌ದಾಗ ಅಮೆರಿಕಾದ ಯುದ್ಧ ಮುಗೀತು, ಹತ್ತಿ ಧಾರಣಿ ನೆಲಕ್ಕ ಬಿತ್ತು.

ಕಾಳೀತೀರ
ಸರ್, ಇಷ್ಟು ವಿವರ ಬರುತ್ತದೆ ಅಂದುಕೊಂಡಿರಲಿಲ್ಲ. 1862, 1864, 1865, ಈ ಮೂರು ಇಸವಿ ಪಕ್ಕಪಕ್ಕ ಇಟ್ಟಾಗಲೇ ವಿಷಯ ತಿಳಿಯಾಗುತ್ತದೆ. ಬರಲಿರುವ ಬಂದರಿಗಾಗಿ ಮೊದಲೇ ಹಚ್ಚಿದ ದೀಪ ಇದು.

ಈಗ ಎರಡನೆಯ ಪ್ರಶ್ನೆ. ದ್ವೀಪದ ಮೇಲೇ ಏಕೆ ಕಟ್ಟಿದರು? ಕಲ್ಲು, ಗಾರೆ, ಎಣ್ಣೆ, ಅಕ್ಕಿ, ಕುಡಿಯುವ ನೀರು, ಎಲ್ಲವನ್ನೂ ದೋಣಿಯಲ್ಲಿ ಸಾಗಿಸಬೇಕು. ದಡದಲ್ಲೇ ಇರುವ ಬೈತಖೋಲದ ಗುಡ್ಡದ ಮೇಲೆ ಕಟ್ಟಿದ್ದರೆ ಸುಲಭವಾಗುತ್ತಿರಲಿಲ್ಲವೇ?

ನೌಕಾಯಾನಿ
ಹಡಗಿನಲ್ಲಿ ಕೆಲಸ ಮಾಡಿದವನಾಗಿ ಇದಕ್ಕೆ ನಾನು ಉತ್ತರ ಹೇಳಬಲ್ಲೆ.

ಬಂದರಿಗೆ ಬರುವ ಹಡಗಿಗೆ ರಾತ್ರಿ ಎರಡು ವಿಷಯ ತಿಳಿಯಬೇಕು. ಬಂದರು ಎಲ್ಲಿದೆ, ಅಪಾಯ ಎಲ್ಲಿದೆ. ಕಾರವಾರದಲ್ಲಿ ಅಪಾಯವೇ ಮುಂದೆ ಇದೆ. ಮುಂಬೈ ಕಡೆಯಿಂದ ಬರುವವನಿಗೆ ಕೊಲ್ಲಿ ಕಾಣುವ ಮೊದಲು ಈ ಬಂಡೆಗಳು ಎದುರಾಗುತ್ತವೆ. ದೀಪವನ್ನು ದಡದ ಗುಡ್ಡದ ಮೇಲೆ ಇಟ್ಟಿದ್ದರೆ ಹಡಗು ಅದನ್ನೇ ಗುರಿ ಹಿಡಿದು ಬರುತ್ತಿತ್ತು, ನಡುವೆ ಕತ್ತಲಲ್ಲಿ ದ್ವೀಪಗಳು ಇರುತ್ತಿದ್ದವು. ಅಪಾಯದ ತಲೆಯ ಮೇಲೇ ದೀಪ ಇಟ್ಟರೆ ಎರಡೂ ಕೆಲಸ ಆಗುತ್ತದೆ. ಇದರಿಂದ ದೂರ ಇರು, ಇದರ ಹಿಂದೆ ಬಂದರು ಇದೆ. ಹಗಲಿನಲ್ಲಿ ಬಿಳಿಯ ಗೋಪುರವೇ ಗುರುತು.

ಹಳೆಯ ಗೆಜೆಟಿಯರಿನಲ್ಲಿ (ಸರ್ಕಾರದ ಸ್ಥಳವಿವರದ ಪುಸ್ತಕ) ಇದನ್ನು ಮಿನುಗದೆ ಉರಿಯುವ ಬಿಳಿ ದೀಪ ಎಂದು, ಸಮುದ್ರದಿಂದ 210 ಅಡಿ ಎತ್ತರದಲ್ಲಿದೆ ಎಂದು, 20 ಮೈಲಿಗೆ ಕಾಣುತ್ತದೆ ಎಂದು ಬರೆದಿದ್ದಾರೆ. ಈ 20 ಮೈಲಿ ಎಲ್ಲಿಂದ ಬಂತು ಎಂದು ನೀವೇ ಲೆಕ್ಕ ಹಾಕಿ ನೋಡಬಹುದು. ಭೂಮಿ ಬಾಗಿರುವುದರಿಂದ ಎತ್ತರದ ಮೇಲೆ ದಿಗಂತದ ದೂರ ನಿಂತಿರುತ್ತದೆ. ಅಡಿಗಳಲ್ಲಿ ಎತ್ತರ ತೆಗೆದುಕೊಂಡು, ಅದರ ವರ್ಗಮೂಲವನ್ನು ಸುಮಾರು 1.15ರಿಂದ ಗುಣಿಸಿದರೆ ಸಮುದ್ರ ಮೈಲಿಯಲ್ಲಿ ಉತ್ತರ ಸಿಗುತ್ತದೆ. 210ರ ವರ್ಗಮೂಲ 14.5, ಗುಣಿಸಿದರೆ ಹತ್ತಿರ ಹತ್ತಿರ 16.7. ನೋಡುವವನೂ ನೀರಿನ ಮಟ್ಟದಲ್ಲಿ ಇರುವುದಿಲ್ಲ. ಆ ಕಾಲದ ಪಟ್ಟಿಗಳಲ್ಲಿ ಅವನ ಕಣ್ಣು 15 ಅಡಿ ಎತ್ತರದಲ್ಲಿದೆ ಎಂದು ಹಿಡಿಯುತ್ತಿದ್ದರು. ಅದಕ್ಕೆ ಇನ್ನೊಂದು 4.4. ಒಟ್ಟು 21. ಗೆಜೆಟಿಯರಿನವರು ಅದನ್ನು 20 ಅಂದಿದ್ದಾರೆ. ಸಣ್ಣ ದೋಣಿಯಲ್ಲಿ ಕೂತವನಿಗೆ ಇದಕ್ಕಿಂತ ಒಂದೆರಡು ಮೈಲಿ ಕಡಿಮೆ, ಎತ್ತರದ ಬ್ರಿಡ್ಜ್ (ಹಡಗು ನಡೆಸುವ ಕೋಣೆ) ಇರುವ ಹಡಗಿನವನಿಗೆ ಇನ್ನೂ ಹೆಚ್ಚು. ಆದರೆ ಇದೆಲ್ಲ ಗಾಳಿ ತಿಳಿಯಾಗಿದ್ದಾಗಿನ ಮಾತು. ಮಳೆ ಬಂದರೆ ಲೆಕ್ಕವೇ ಬೇರೆ.

ಶಿರಸಿ ಓದುಗ
ಒಂದು ಸಣ್ಣ ಸಂಶಯ. 210 ಅಡಿ ಅಂದರೆ ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು ಆಯಿತಲ್ಲ. ದಡದಿಂದ ನೋಡಿದರೆ ಗೋಪುರ ಅಷ್ಟು ಎತ್ತರ ಕಾಣುವುದಿಲ್ಲ.

ನೌಕಾಯಾನಿ
ಅದು ಗೋಪುರದ ಎತ್ತರ ಅಲ್ಲ. ಸಮುದ್ರದ ಮಟ್ಟದಿಂದ ದೀಪದವರೆಗಿನ ಎತ್ತರ. ಇಲ್ಲಿ ಹೆಚ್ಚಿನ ಪಾಲು ಗುಡ್ಡವೇ ಕೊಟ್ಟಿದೆ. ಕಾಪುವಿನಲ್ಲಿ ಬಂಡೆ ತಗ್ಗು, ಹಾಗಾಗಿ ಗೋಪುರವನ್ನೇ ಸುಮಾರು 27 ಮೀಟರ್ ಎಬ್ಬಿಸಬೇಕಾಯಿತು. ಜಾಲತಾಣಗಳಲ್ಲಿ ಈ ಎರಡು ಎತ್ತರ ಕಲಸಿಹೋಗಿರುವುದನ್ನು ಬಹಳ ಕಡೆ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಗಾಜಿನ ವಿಷಯವೂ ಹೇಳಿಬಿಡುತ್ತೇನೆ. ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿಯ ಮಸೂರವನ್ನು ಮೊದಲು ಏರಿಸಿದ್ದು 1823ರಲ್ಲಿ, ಬೋರ್ಡೋ ಬಂದರಿನ ದಾರಿ ಕಾಯುವ ಕೋರ್ದುಆನ್ ಲೈಟ್‌ಹೌಸಿನಲ್ಲಿ. ಒಂದೇ ದಪ್ಪ ಮಸೂರದ ಬದಲು ಗಾಜಿನ ಬಳೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸುವುದು ಅವನ ಉಪಾಯ. ಮೇಲೆ ಕೆಳಗೆ ಚದುರಿ ಹಾಳಾಗುವ ಬೆಳಕನ್ನೆಲ್ಲ ಬಾಗಿಸಿ ದಿಗಂತದ ಕಡೆಗೆ ಕಳಿಸುತ್ತದೆ. ಎಣ್ಣೆ ಬತ್ತಿಯ ಬೆಳಕು ಮೈಲಿಗಟ್ಟಲೆ ದೂರ ಹೋಗುವುದು ಇದರಿಂದ. ಬತ್ತಿ ಕತ್ತರಿಸುವುದು, ಗಾಜಿನ ಮಸಿ ಒರೆಸುವುದು, ರಾತ್ರಿಯಿಡೀ ಪಾಳಿಯಲ್ಲಿ ಎಚ್ಚರ ಇರುವುದು, ಕಾವಲುಗಾರರ ಕೆಲಸ ಇದು. ಗಾಜಿಗೆ ಮಸಿ ಕಟ್ಟಿದರೆ ದೂರದ ಹಡಗಿಗೆ ದೀಪ ಇಲ್ಲದಂತೆಯೇ.

ಬೈತಖೋಲ
ನಮ್ಮದು ಮೀನುಗಾರರ ಮನೆ. ಪುಸ್ತಕದ ವಿಷಯ ನೀವು ಹೇಳಿದಿರಿ, ನೀರಿನ ವಿಷಯ ನಾನು ಹೇಳುತ್ತೇನೆ.

ಕಾರವಾರದ ಬಂದರು ಯಾಕೆ ಒಳ್ಳೆಯದು ಅಂದರೆ ತೆರೆ ಬರುವ ದಿಕ್ಕಿಗೆ ನೆಲ ಅಡ್ಡ ನಿಂತಿದೆ. ಮಳೆಗಾಲದ ಗಾಳಿ ನೈಋತ್ಯದಿಂದ. ಆ ಕಡೆ ಕಾರವಾರದ ಗುಡ್ಡ ಸಮುದ್ರದೊಳಗೆ ಚಾಚಿಕೊಂಡಿದೆ. ಅದರ ಮರೆಗೆ ಬೈತಖೋಲ. ಹೊರಗೆ ದೇವಗಡ, ಕೂರ್ಮಗಡ, ತೆಂಕಕ್ಕೆ ಅಂಜದೀವ್, ಮೂರೂ ದ್ವೀಪ. ಹೊರಗೆ ಸಮುದ್ರ ಕುದಿಯುತ್ತಿದ್ದರೂ ಒಳಗೆ ಬೋಟು ನಿಲ್ಲುತ್ತದೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ನಮ್ಮ ಬೋಟುಗಳಷ್ಟೇ ಅಲ್ಲ, ಬೇರೆ ರಾಜ್ಯದ ಬೋಟುಗಳೂ ಇಲ್ಲಿಗೆ ಓಡಿಬಂದು ಲಂಗರು ಹಾಕಿದವು. ಧಕ್ಕೆಯಿಂದ ನೋಡಿದರೆ ನೀರೇ ಕಾಣುತ್ತಿರಲಿಲ್ಲ. ಅವರ ಭಾಷೆ ನಮಗೆ ಬರುತ್ತಿರಲಿಲ್ಲ, ಆದರೂ ಅವರಿಗೆ ಅನ್ನ ನೀರು ಕೊಟ್ಟ ಮನೆಗಳು ಇಲ್ಲಿ ಎಷ್ಟೋ ಇವೆ.

ಈಗಿನ ದೀಪ ಮಿನುಗುತ್ತದೆ. ಮೊದಲಿನ ಹಾಗೆ ಸುಮ್ಮನೆ ಉರಿಯುತ್ತಿದ್ದರೆ ಇವತ್ತು ಅದನ್ನು ಗುರುತಿಸಲು ಆಗುತ್ತಿರಲಿಲ್ಲ. ಹೆದ್ದಾರಿಯ ದೀಪ, ಹೋಟೆಲಿನ ದೀಪ, ನೌಕಾನೆಲೆಯ ದೀಪ, ದಡ ಪೂರ್ತಿ ಬೆಳಕೇ. ಬೋಟು ನಡೆಸುವ ತಾಂಡೇಲ ಮೊದಲು ಎಣಿಸುವುದು ಮಿಂಚು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅಂತ. ಆಮೇಲೆ ಅದು ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿ ಚುಕ್ಕಾಣಿ ತಿರುಗಿಸುತ್ತಾನೆ.

ಬಾವುಟಗುಡ್ಡೆ
ಬಹಳ ಚಂದದ ಚರ್ಚೆ ಮಾರಾಯ್ರೆ. ಆದರೆ ಒಂದು ಭಿನ್ನಾಭಿಪ್ರಾಯ ಉಂಟು. ಮಂಗಳೂರಿನಲ್ಲಿ ನಮ್ಮ ಗುಡ್ಡದ ಹಳೆಯ ದೀಪ ಕೆಲಸ ಬಿಟ್ಟು ಎಷ್ಟೋ ಕಾಲ ಆಯಿತು, 1972ರಿಂದ ಸುರತ್ಕಲ್‌ನಲ್ಲಿ ಬೇರೆ ಇದೆ. ಅಂದರೆ ದೀಪಕ್ಕೂ ನಿವೃತ್ತಿ ಉಂಟು. ಈಗ ಪ್ರತಿ ಬೋಟಿನಲ್ಲಿ ಜಿಪಿಎಸ್ ಇದೆ, ಹುಡುಗರ ಕೈಯಲ್ಲಿ ಮೊಬೈಲ್ ಇದೆ. ದೇವಗಡದ ದೀಪವನ್ನು ಸ್ಮಾರಕವಾಗಿ ಚೆನ್ನಾಗಿ ಉಳಿಸಿದರೆ ಸಾಲದಾ? ದ್ವೀಪದಲ್ಲಿ ಅದನ್ನು ನಡೆಸುವ ಕಷ್ಟ, ಖರ್ಚು ಯಾಕೆ?

ನೌಕಾಯಾನಿ
ಒಪ್ಪುವುದಿಲ್ಲ. ಜಿಪಿಎಸ್ ಅನ್ನುವುದು ಆಕಾಶದಿಂದ ಬರುವ ಬಹಳ ದುರ್ಬಲವಾದ ಸಂಕೇತ. ಅದನ್ನು ಅಡಗಿಸಬಹುದು, ಸುಳ್ಳು ಜಾಗ ತೋರಿಸುವಂತೆಯೂ ಮಾಡಬಹುದು. ಕಪ್ಪು ಸಮುದ್ರ, ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿಯ ಕಡೆ ಹೋಗುವ ಹಡಗುಗಳು ಇತ್ತೀಚಿನ ವರ್ಷಗಳಲ್ಲಿ ಇದನ್ನು ಮತ್ತೆ ಮತ್ತೆ ಅನುಭವಿಸಿವೆ. ಪರದೆಯ ಮೇಲೆ ಹಡಗು ನೆಲದ ಮೇಲೆ ನಿಂತಂತೆ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಕಣ್ಣಿಗೆ ಕಾಣುವ, ಯಾವ ಉಪಗ್ರಹವನ್ನೂ ನಂಬಿಕೊಳ್ಳದ ಒಂದು ಗುರುತು ಬೇಕು. ನಾವು ತರಬೇತಿಯಲ್ಲಿ ಕಲಿತ ಮೊದಲ ಪಾಠವೇ ಒಂದೇ ಸಾಧನವನ್ನು ನಂಬಬೇಡ ಅನ್ನುವುದು. ದೇವಗಡದ ದೀಪದ ದಿಕ್ಕು ಒಂದು, ಗುರುತು ಹಿಡಿಯಬಲ್ಲ ಇನ್ನೊಂದು ದೀಪದ ದಿಕ್ಕು ಒಂದು, ನಕ್ಷೆಯಲ್ಲಿ ಎರಡು ಗೆರೆ ಎಳೆದರೆ ಅವು ಕೂಡುವ ಕಡೆ ನಾನಿದ್ದೇನೆ. ಇದಕ್ಕೆ ಒಂದು ದಿಕ್ಸೂಚಿ, ಒಂದು ಪೆನ್ಸಿಲ್ ಸಾಕು.

ಮಂಗಳೂರಿನ ಗುಡ್ಡದ ದೀಪಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅದು ಊರಿನ ನಡುವೆ, ಇದು ಬಂಡೆಯ ಮೇಲೆ. ಬಂಡೆ ಎಲ್ಲಿಗೂ ಹೋಗಿಲ್ಲ.

ಬೈತಖೋಲ
ಸರ್ ಹೇಳಿದ್ದಕ್ಕೆ ನನ್ನದೊಂದು ಮಾತು. ಜಿಪಿಎಸ್ ಕೆಟ್ಟರೆ ದೊಡ್ಡ ಹಡಗಿಗೆ ಇನ್ನೊಂದು ಇರುತ್ತದೆ. ಪಾತಿ ದೋಣಿಯವನ ಬ್ಯಾಟರಿ ಮುಗಿದರೆ ಅವನಿಗೆ ಇರುವುದು ಅದೊಂದೇ.

ಹುಬ್ಬಳ್ಳಿಯವ
ದೀಪದ ಚರ್ಚೆ ನೀವು ಮಾಡ್ರಿ, ಬಂದರದ ಕತಿ ನಾ ಮುಗಸತೀನಿ. ಅರ್ಧಕ್ಕ ಬಿಟ್ಟಿದ್ದೆ.

ಹತ್ತಿ ಧಾರಣಿ ಬಿದ್ದ ಮ್ಯಾಲೂ ಕಾರವಾರದ ಆಸೆ ಮುಗಿದಿರಲಿಲ್ಲ. ರಸ್ತಾದಿಂದ ಒಂದಿಷ್ಟು ವ್ಯಾಪಾರ ನಡೀತಿತ್ತು. ಎಲ್ಲಾರೂ ಕಾಯ್ತಿದ್ದದ್ದು ಹುಬ್ಬಳ್ಳಿಯಿಂದ ಕಾರವಾರಕ್ಕ ರೈಲು ಬರತೈತಿ ಅಂತ. 1878ರಾಗ ಬ್ರಿಟಿಷರು, ಗೋವಾ ಆಳತಿದ್ದ ಪೋರ್ಚುಗೀಸರು ರೈಲಿನ ಸಲುವಾಗಿ ಒಪ್ಪಂದ ಮಾಡಿಕೊಂಡ್ರು. 1880ರ ದಶಕದಾಗ ರೈಲು ಘಟ್ಟ ಇಳೀತು, ಆದ್ರ ಕಾರವಾರಕ್ಕಲ್ಲ, ಕ್ಯಾಸಲ್‌ರಾಕ್ ಮ್ಯಾಲೆ ಹಾದು ಗೋವಾದ ಮಾರ್ಮಗೋವಾಕ್ಕ. ನಮ್ಮ ಹತ್ತಿ ರೈಲು ಹತ್ತಿ ಅತ್ತ ಹೋತು. ಕಾರವಾರದ ವ್ಯಾಪಾರ ಅದರಿಂದ ಕುಸೀತು ಅಂತ ಆ ಕಾಲದ ಸರ್ಕಾರಿ ದಾಖಲಿನ ಹೇಳತಾವ.

ಕಾರವಾರದ ಮಂದಿ ರೈಲಿನ ಶಿಳ್ಳಿ ಕೇಳಿದ್ದು 1990ರ ದಶಕದಾಗ, ಕೊಂಕಣ ರೈಲು ಬಂದಾಗ. ಅದೂ ಕರಾವಳಿಗುಂಟ ಓಡತೈತಿ, ಘಟ್ಟ ಹತ್ತೂದಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗ ಇನ್ನೂ ಆಗಿಲ್ಲ. ಅಲ್ಲಿ ಕಾಡಿನ ಪ್ರಶ್ನೆ ಐತಿ, ಅದು ಸಣ್ಣ ಪ್ರಶ್ನೆ ಅಲ್ಲ, ಅದರ ಜಗಳ ಇಲ್ಲೆ ಬ್ಯಾಡ. ನಾ ಹೇಳೂದು ಇಷ್ಟ: ಮ್ಯಾಂಚೆಸ್ಟರಿನವರು ಹೋದ್ರು, ಹತ್ತಿ ಹೋತು, ರೈಲು ಬರಲಿಲ್ಲ, ದೀಪ ಮಾತ್ರ ನಿಂತು ಕೆಲಸ ಮಾಡತೈತಿ. ನಮ್ಮ ರೈತರ ಬೆವರಿನ ಲೆಕ್ಕದಾಗ ಕಟ್ಟಿದ ದೀಪ ಅದು. ಹಿಂಗಾಗಿ ಅದರ ಮ್ಯಾಲೆ ನಮ್ಮ ಕಡೆಯವರದೂ ಹಕ್ಕು ಐತಿ ಅಂತ ನಾ ತಿಳಕೊಂಡೀನಿ.

ಕಾಳೀತೀರ
ಆಮೇಲಿನದು ಚಿಕ್ಕದಾಗಿ ಸೇರಿಸುತ್ತೇನೆ. ಬಂದರಿಗೆ ಮತ್ತೆ ಜೀವ ಬಂದಿದ್ದು ಬಳ್ಳಾರಿ ಕಡೆಯ ಅದಿರಿನಿಂದ. 2010ರಲ್ಲಿ ಕರ್ನಾಟಕ ಸರ್ಕಾರ ಅದಿರಿನ ರಫ್ತು ನಿಲ್ಲಿಸಿದ ಮೇಲೆ ಅದೂ ತಗ್ಗಿತು. ಅಷ್ಟರಲ್ಲಿ 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಗಿತ್ತು. ಅಂಜದೀವನ್ನು ದಡಕ್ಕೆ ಜೋಡಿಸಿ ತಡೆಗೋಡೆ ಕಟ್ಟಿದರು. ಮಳೆಗಾಲದ ತೆರೆಗೆ ನೆಲ ಅಡ್ಡ ನಿಂತ ಈ ತೀರದ ಗುಣವನ್ನು ಮ್ಯಾಂಚೆಸ್ಟರಿನವರು ಕಂಡಿದ್ದರು, ಒಂದೂವರೆ ಶತಮಾನದ ಮೇಲೆ ನೌಕಾಪಡೆಯೂ ಕಂಡಿತು.

ಕುಮಟೆಯವಳು
ದುಬೈನಿಂದ ಓದುತ್ತಿದ್ದೇನೆ. ನಮ್ಮೂರಿನ ಹೆಸರು ಹತ್ತಿಯ ಮೇಲೆ ಕೂತು ಇಂಗ್ಲೆಂಡಿನವರೆಗೆ ಹೋಗಿತ್ತು ಅನ್ನುವುದು ಇವತ್ತೇ ಗೊತ್ತಾಯಿತು.

ರವೀಂದ್ರನಾಥ ಟಾಗೋರರು 1883ರಲ್ಲಿ ಕಾರವಾರದಲ್ಲಿದ್ದರಲ್ಲ, ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ. ಅವರು ದಡದಲ್ಲಿ ಓಡಾಡುವಾಗ ಈ ದೀಪಕ್ಕೆ ಹತ್ತೊಂಬತ್ತು ವರ್ಷ. ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೇವೆ, ಅಲ್ಲಿಂದ ಕಾಣುವ ದೀಪದ ಬಗ್ಗೆ ಒಂದು ಫಲಕ ಕೂಡ ನನ್ನ ಕಣ್ಣಿಗೆ ಬಿದ್ದಿಲ್ಲ.

ದೇಶದಲ್ಲಿ 75 ಲೈಟ್‌ಹೌಸ್‌ಗಳಲ್ಲಿ ಪ್ರವಾಸಿ ಸೌಲಭ್ಯ ಮಾಡಿ 2024ರಲ್ಲಿ ಉದ್ಘಾಟಿಸಿದರು. ಕಾಪುವಿನಲ್ಲಿ ಸಂಜೆ ಜನ ಮೇಲೆ ಹತ್ತಿ ನೋಡುತ್ತಾರೆ. ದೇವಗಡಕ್ಕೂ ದೋಣಿ ಬಿಟ್ಟು, ನಮ್ಮ ಮಕ್ಕಳು ಮೇಲೆ ಹೋಗಿ ನೋಡುವಂತೆ ಯಾಕೆ ಮಾಡಬಾರದು? ಊರಿನ ಹುಡುಗರಿಗೆ ಕೆಲಸವೂ ಆಗುತ್ತದೆ.

ಬೈತಖೋಲ
ಅಕ್ಕ, ನಿಮ್ಮ ಆಸೆ ಅರ್ಥ ಆಗುತ್ತದೆ. ಆದರೆ ನಾನು ಬೇಡ ಅನ್ನುತ್ತೇನೆ. 2019ರ ಜನವರಿ 21 ನಮಗೆ ಯಾರಿಗೂ ಮರೆತಿಲ್ಲ. ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಮಕ್ಕಳಿದ್ದರು. ಹಗಲು ಹೊತ್ತು, ದಡ ಕಣ್ಣಿಗೆ ಕಾಣುತ್ತಿತ್ತು. ದೇವಗಡ ಅದಕ್ಕಿಂತ ಹೊರಗೆ ಇದೆ, ಬಂಡೆಗೆ ತೆರೆ ಹೊಡೆಯುತ್ತದೆ, ಇಳಿಯುವುದು ಸುಲಭ ಅಲ್ಲ. ಹಡಗು ಕಾಯುವ ದೀಪ ನೋಡಲು ಹೋಗಿ ಇನ್ನೊಂದು ದೋಣಿ ಮುಳುಗಬಾರದು.

ಮೊದಲು ಲೈಫ್ ಜಾಕೆಟ್, ದೋಣಿಗೆ ಇಷ್ಟೇ ಜನ ಅನ್ನುವ ನಿಯಮ, ಅದನ್ನು ದಿನಾ ನಿಂತು ನೋಡುವ ಅಧಿಕಾರಿ. ಇವು ಗಟ್ಟಿಯಾಗಲಿ. ಆಮೇಲೆ ಮಾತಾಡೋಣ.

ನೌಕಾಯಾನಿ
ಬೈತಖೋಲದವರ ಮಾತಿಗೆ ನನ್ನ ಪೂರ್ಣ ಬೆಂಬಲ. ನೌಕಾನೆಲೆ ಹತ್ತಿರ ಇರುವುದರಿಂದ ಅನುಮತಿಯ ಪ್ರಶ್ನೆಯೂ ಬರುತ್ತದೆ. ಯಾರನ್ನು ಕೇಳಬೇಕು ಅನ್ನುವುದೂ ಸ್ಪಷ್ಟವಾಗಿರಲಿ. ಬಂದರು ರಾಜ್ಯದ ಕೈಯಲ್ಲಿದೆ, ದೀಪ ಕೇಂದ್ರದ ಲೈಟ್‌ಹೌಸ್ ಇಲಾಖೆಯ ಕೈಯಲ್ಲಿ. 1927ರ ಲೈಟ್‌ಹೌಸ್ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸ ಕಾಯ್ದೆ ಬಂದಿದೆ. ಪರಂಪರೆಯ ಲೈಟ್‌ಹೌಸ್‌ಗಳನ್ನು ಗುರುತಿಸಿ ಕಾಪಾಡುವುದಕ್ಕೆ ಅದರಲ್ಲಿ ಅವಕಾಶ ಇದೆ. 1864ರ ದೀಪಕ್ಕಾಗಿ ಕೇಳುವುದಾದರೆ ಅದನ್ನೇ ಹಿಡಿದು ಕೇಳಬೇಕು.

ಕುಮಟೆಯವಳು
ಮಕ್ಕಳಿದ್ದರು ಅಂದಿರಿ, ಅಲ್ಲಿಗೆ ನನ್ನ ಮಾತು ನಿಂತಿತು. ದೋಣಿಯ ಪ್ರಸ್ತಾಪ ಬಿಡೋಣ. ದಡದಲ್ಲೇ ಏನಾದರೂ ಆಗಲಿ.

ಕಾಳೀತೀರ
ಹಾಗಾದರೆ ಹೀಗೆ ಮಾಡೋಣ. ಟಾಗೋರ್ ತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯ ಇದೆ. ಪ್ರವಾಸಿಗರು ಹೇಗೂ ಅಲ್ಲಿಗೆ ಬರುತ್ತಾರೆ. ಅಲ್ಲೇ ಸಮುದ್ರದ ಕಡೆಗೆ ಒಂದು ಫಲಕ, ಒಂದು ದೂರದರ್ಶಕ ಇಡಿ ಎಂದು ಜಿಲ್ಲಾಡಳಿತಕ್ಕೆ ಮನವಿ ಕೊಡೋಣ. ಫಲಕದ ಒಕ್ಕಣೆ ನಾನು ಬರೆದಿದ್ದೇನೆ, ತಿದ್ದಿ:

‘ಎದುರಿಗೆ ಕಾಣುವುದು ದೇವಗಡ ದ್ವೀಪದ ಲೈಟ್‌ಹೌಸ್. 1864ರಲ್ಲಿ ಕಟ್ಟಿದ್ದು. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದಿಂದ ಇಂಗ್ಲೆಂಡಿಗೆ ಕಳಿಸುವ ಯೋಜನೆ ಹಾಕಿದ್ದರು. ಆ ಬಂದರಿಗೆ ಬರುವ ಹಡಗುಗಳನ್ನು ಬಂಡೆಗಳಿಂದ ಕಾಯಲು ಈ ದೀಪ ಹಚ್ಚಿದರು. ಸಮುದ್ರ ಮಟ್ಟದಿಂದ ದೀಪದ ಎತ್ತರ ಸುಮಾರು 210 ಅಡಿ. ಇಂದಿಗೂ ಉರಿಯುತ್ತಿದೆ.’

ಶಿರಸಿ ಓದುಗ
ಎತ್ತರದ ಸಾಲು ಸರಿಯಾಗಿದೆ, ಯಾರಿಗೂ ಗೊಂದಲ ಆಗುವುದಿಲ್ಲ. ‘ಇಂದಿಗೂ ಉರಿಯುತ್ತಿದೆ’ ಅನ್ನುವ ಕಡೆ ಯಾರಿಗಾಗಿ ಅನ್ನುವುದೂ ಬರಲಿ. ಮೀನುಗಾರರ ಹೆಸರು ಇಲ್ಲದೆ ಅದು ಅರ್ಧ.

ಹುಬ್ಬಳ್ಳಿಯವ
ಚಲೋ ಆಗೈತಿ. ‘ಧಾರವಾಡ ಸೀಮೆಯ ಹತ್ತಿ’ ಅನ್ನೂ ಕಡೆ ‘ಧಾರವಾಡ ಸೀಮೆಯ ರೈತರು ಬೆಳೆದ ಹತ್ತಿ’ ಅಂತ ಮಾಡ್ರಿ. ಬಂದರದ ಕತಿಯೊಳಗ ಕಂಪನಿ ಹೆಸರು ಬರತಾವ, ರೈತ ಬರೂದಿಲ್ಲ.

ಕಾಳೀತೀರ
ಎರಡೂ ಸೇರಿಸಿದೆ. ‘ಇಂದಿಗೂ ಮೀನುಗಾರರಿಗೆ, ಹಡಗುಗಳಿಗೆ ದಾರಿ ತೋರಿಸುತ್ತಿದೆ’ ಎಂದು ಮಾಡಿದ್ದೇನೆ. ಫಲಕದಲ್ಲಿ ಕನ್ನಡದ ಜೊತೆ ಕೊಂಕಣಿಯೂ ಇರಬೇಕು, ಅದು ಇಲ್ಲಿನ ಮನೆಮಾತು. ಯಾರು ಬರೆದುಕೊಡುತ್ತೀರಿ?

ಬೈತಖೋಲ
ಕೊಂಕಣಿ ನಾನು ಬರೆಯುತ್ತೇನೆ. ಹುಣ್ಣಿಮೆ ಹತ್ತಿರ ಬಂತು, ಬೋಟು ಧಕ್ಕೆಯಲ್ಲೇ ಇರುತ್ತದೆ. ನಮ್ಮ ಸೊಸೈಟಿಯ ಹಿರಿಯರಿಗೆ ಓದಿ ಹೇಳಿ, ಅವರ ಸಹಿ ಹಾಕಿಸಿಕೊಂಡು ಬರುತ್ತೇನೆ.